ಕೆರೆ ಏರಿಯ ಮೇಲೆ ಹೊಸ ಸೈಲೆನ್ಸರ್

"ಅಕ್ಕೋ, ಒಳಗೆ ಗಂಡಸ್ರು ಯಾರಾರ ಇದ್ರೆ ಸ್ಟೇರಿಂಗ್ ಅವ್ರ ಕೈಗೆ ಕೊಡಿ."

ಹೀಗೆ ಕೂಗಿದವನು ಶುಂಠಿ ಮೂಟೆ ಹೇರಿಕೊಂಡು ನನ್ನ ಕಾರಿನ ಹಿಂದೆ ನಿಂತಿದ್ದ ಟ್ರ್ಯಾಕ್ಟರಿನವನು. ಜಾಗ, ಹಳೇಕೋಟೆ ಕಡೆಗೆ ಹೋಗುವಾಗ ಸಿಗುವ ಒಂದು ಕೆರೆ ಏರಿ. ರಸ್ತೆ ಅಲ್ಲಿ ಗಕ್ಕನೆ ತಿರುಗಿ, ಕಡಿದಾಗಿ ಏರಿಯ ಮೇಲಕ್ಕೆ ಹತ್ತುತ್ತದೆ. ಹತ್ತುವ ಜಾಗದ ಸರಿ ಮಧ್ಯದಲ್ಲಿ ನಮ್ಮ ಕಾರು ಗಡಗಡ ನಡುಗಿ, ಆಫ್ ಆಗಿ ನಿಂತುಬಿಟ್ಟಿತ್ತು.

ಒಳಗೆ ಗಂಡಸರು ಇದ್ದರು. ನಮ್ಮ ಯಜಮಾನರು. (ಅವರಿಗೆ ಕ್ಲಚ್ ಯಾವುದು, ಬ್ರೇಕ್ ಯಾವುದು ಅಂತ ಇವತ್ತಿಗೂ ಗೊತ್ತಿಲ್ಲ. ಕಾರು ಅಂದರೆ ಅವರ ಪಾಲಿಗೆ ಎಡಗಡೆಯ ಸೀಟು ಮಾತ್ರ.) ಅವರು ಬಹಳ ಗಂಭೀರವಾಗಿ ಇಳಿದು, ಒಂದು ಕಲ್ಲು ಹುಡುಕಿ ತಂದು ಹಿಂದಿನ ಚಕ್ರಕ್ಕೆ ಕೊಟ್ಟರು. ಹಿಂದಿನ ಸೀಟಿನಲ್ಲಿ ಅತ್ತೆ ಕಣ್ಣು ಮುಚ್ಚಿಕೊಂಡು ಮನೆದೇವರನ್ನು ಕರೆಯುತ್ತಿದ್ದರು. ನಾನು ಮತ್ತೆ ಸ್ಟಾರ್ಟ್ ಮಾಡಿ, ಫಸ್ಟ್ ಗೇರ್ ಹಾಕಿ, ಹೇಗೋ ಮೇಲಕ್ಕೆ ಹತ್ತಿಸಿದೆ. ಯಜಮಾನರು ನಡೆದುಕೊಂಡೇ ಹತ್ತಿ ಬಂದರು.

ಟ್ರ್ಯಾಕ್ಟರಿನವನ ಮಾತು ನನಗೆ ಅಷ್ಟು ತಾಗಲಿಲ್ಲ. ತಾಗಿದ್ದು ಬೇರೆ. ಅದೇ ಏರಿಯನ್ನು ನಾನು ಎಷ್ಟೋ ಸಲ ಹತ್ತಿಸಿದ್ದೇನೆ. ಒಮ್ಮೆಯೂ ಕಾರು ನಿಂತಿರಲಿಲ್ಲ. ಈಗ ಯಾಕೆ?

ನಾನು ಐವತ್ತು ದಾಟಿದ ಮೇಲೆ ಡ್ರೈವಿಂಗ್ ಕಲಿತವಳು. ಮನೆ ಹಾಸನದಲ್ಲಿ, ಕೆಲಸ ಚನ್ನರಾಯಪಟ್ಟಣದ ಕಾಲೇಜಿನಲ್ಲಿ, ಅರ್ಥಶಾಸ್ತ್ರದ ಪಾಠ. ವರ್ಷಗಟ್ಟಲೆ ಬಸ್ಸಿನಲ್ಲಿ ನಿಂತುಕೊಂಡೇ ಹೋಗಿ ಬಂದಿದ್ದೇನೆ. ಮನೆಗೆ ಇರುವುದು ಒಂದೇ ಸಣ್ಣ ಪೆಟ್ರೋಲ್ ಕಾರು. ಅದನ್ನು ಓಡಿಸುತ್ತಿದ್ದವನೂ ಒಬ್ಬನೇ, ನನ್ನ ಮೈದುನ ಮಂಜು. ಪಂಪ್‌ಸೆಟ್ ಅಂಗಡಿ ಇಟ್ಟಿದ್ದಾನೆ. ಮದುವೆಯೋ ಆಸ್ಪತ್ರೆಯೋ, ಇಡೀ ಮನೆ ಸೀರೆ ಉಟ್ಟು, ಶರ್ಟ್ ಹಾಕಿಕೊಂಡು ಅವನು ಅಂಗಡಿ ಮುಚ್ಚುವುದನ್ನೇ ಕಾಯುತ್ತಿತ್ತು. ನಾನು ಕಲಿತ ಮೇಲೆ ಒಂದು ಒಪ್ಪಂದವಾಯಿತು. ವಾರದಲ್ಲಿ ಮೂರು ದಿನ ಕಾರು ನನ್ನದು. ಆ ಮೂರು ದಿನ ನಾನು ಯಾರನ್ನೂ ಕಾಯುವುದಿಲ್ಲ. ಆ ಸುಖವನ್ನು ಹೇಗೆ ಹೇಳಲಿ? ಬೇಕಾದಾಗ ಹೊರಡುತ್ತೇನೆ, ಬೇಕಾದಲ್ಲಿ ನಿಲ್ಲಿಸಿ ಎಳನೀರು ಕುಡಿಯುತ್ತೇನೆ, ಅಷ್ಟೇ.

ಕಾರು ಏರಿಯಲ್ಲಿ ನಿಂತದ್ದಕ್ಕೆ ಮನೆಯಲ್ಲಿ ಯಾರೂ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

"ಸ್ವಲ್ಪ ದಿನ ಬಸ್ಸಲ್ಲೇ ಹೋಗು," ಅಂದರು ಯಜಮಾನರು, ಜ್ವರ ಬಂದವರಿಗೆ ಗಂಜಿ ಕುಡಿ ಅಂದ ಹಾಗೆ.

"ಊಂ ಕಣವ್ವ. ವಯಸ್ಸಾಯ್ತಾ ಬಂತು, ಕೈಕಾಲು ಮೊದ್ಲಂಗೆ ಇರಾಕಿಲ್ಲ," ಅಂದರು ಅತ್ತೆ. (ಅತ್ತೆಗೆ ಎಪ್ಪತ್ತೆಂಟು. ಅವರು ಈಗಲೂ ಬಾವಿಯಿಂದ ನೀರು ಸೇದುತ್ತಾರೆ.) ಕಾರಿನ ನನ್ನ ಕೀ ಮಂಜುವಿನ ಜೇಬಿಗೆ ಹೋಯಿತು. ಯಾರು ಕೊಟ್ಟರು ಅಂತ ನಾನು ಕೇಳಲಿಲ್ಲ. ಬಹಳ ಬೇಜಾರಾಗಿತ್ತು, ನಿಜ ಹೇಳುತ್ತೇನೆ. ನನಗೇ ಅನುಮಾನ ಬಂದಿತ್ತು. ಇವರು ಹೇಳುವುದು ಸರಿಯಿದ್ದರೆ?

ಮಾರನೇ ದಿನ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಿದ್ದಾಗ ಹೊಳೆಯಿತು. ನಾನು ಬದಲಾಗಿರಲಿಲ್ಲ. ಬದಲಾದದ್ದು ಸೈಲೆನ್ಸರ್.

ಕೆಲವು ದಿನದ ಹಿಂದೆ ಹಳೇ ಸೈಲೆನ್ಸರ್ ತುಕ್ಕು ಹಿಡಿದು ತೂತಾಗಿತ್ತು. ಮಂಜು ಕಂಪನಿಯದ್ದನ್ನೇ ಹಾಕಿಸುವುದು ಬಿಟ್ಟು, ಹೊರಗಿನ ಅಂಗಡಿಯಿಂದ ಫ್ರೀ ಫ್ಲೋ ಅನ್ನುವ ಒಂದು ಸೆಟ್ ಹಾಕಿಸಿಕೊಂಡು ಬಂದಿದ್ದ. ಪಳಪಳ ಹೊಳೆಯುವ, ನನ್ನ ಮುಷ್ಟಿ ಹೋಗುವಷ್ಟು ದೊಡ್ಡ ಬಾಯಿಯ ಪೈಪು. "ಅತ್ತಿಗೆ, ಈಗ ಪಿಕಪ್ ನೋಡಿ," ಅಂತ ಮನೆ ಮುಂದೆ ಒಮ್ಮೆ ಗುರ್ ಅನ್ನಿಸಿದ. ಅತ್ತೆ ಒಳಗಿನಿಂದ, "ಯಾರ್ದೋ ಟ್ಯಾಕ್ಟ್ರು ಬಂತು, ನೋಡ್ರಪ್ಪ," ಅಂದರು. ಸದ್ದು ಅಡಗಿಸುವುದಕ್ಕೆ ಇರುವ ವಸ್ತುವನ್ನು ಸದ್ದು ಮಾಡಲಿ ಅಂತ ಕೊಂಡು ತಂದವರನ್ನು ನಾನು ನೋಡಿದ್ದು ಅದೇ ಮೊದಲು.

ಮಂಜುವಿನ ಕೈಯಲ್ಲಿ ಕಾರು ನಿಜಕ್ಕೂ ಹಾರುತ್ತಿತ್ತು. ನನ್ನ ಕೈಯಲ್ಲಿ ನಿಂತಿತು. ಒಂದೇ ಪೈಪು ಒಬ್ಬರಿಗೆ ಶಕ್ತಿ ಕೊಟ್ಟು, ಇನ್ನೊಬ್ಬರಿಂದ ಕಿತ್ತುಕೊಳ್ಳುತ್ತದೆಯೇ?

ಈ ಪ್ರಶ್ನೆ ತಲೆಗೆ ಹೊಕ್ಕ ಮೇಲೆ ನನಗೆ ನಿದ್ದೆ ಬರುವುದು ಕಷ್ಟ. ಮೊದಲು ಆ ಪೈಪು ಹಾಕಿಕೊಟ್ಟ ಅಂಗಡಿಗೇ ಹೋದೆ. ಅಂಗಡಿಯವರು ಬಹಳ ಮರ್ಯಾದಸ್ಥರು, ಕುರ್ಚಿ ಹಾಕಿ ಟೀ ತರಿಸಿದರು.

"ಇಂಜಿನ್ನೂ ನಮ್ಮಂಗೇ ಮೇಡಂ, ಉಸಿರಾಡ್ಬೇಕು. ಕಂಪನಿಯೋರು ಮೂಗು ಹಿಡ್ದು ಕಳಿಸಿರ್ತಾರೆ. ನಾವು ಬಿಡುಸ್ತೀವಿ, ಅಷ್ಟೇಯ."

"ಉಸಿರಾಟ ಸಲೀಸಾದ್ರೆ ಏರು ಹತ್ತೋಕೆ ಯಾಕೆ ಕಷ್ಟ?"

ಅವರು ನನ್ನನ್ನು ಮೇಲಿನಿಂದ ಕೆಳಗೆ ಒಮ್ಮೆ ನೋಡಿದರು. "ಅದು ಡ್ರೈವಿಂಗ್ ಸ್ಟೈಲ್ ಮೇಲೆ ಓಗ್ತದೆ ಮೇಡಂ."

ನಿನಗೆ ಓಡಿಸಲು ಬರುವುದಿಲ್ಲ ಅನ್ನುವುದನ್ನು ಇಷ್ಟು ಚೆಂದವಾಗಿ ಹೇಳಿದವರು ಇನ್ನೊಬ್ಬರಿಲ್ಲ. ಆದರೆ ಯೋಚನೆ ಮಾಡಿದರೆ ಅದರಲ್ಲಿ ಅರ್ಧ ಸತ್ಯವಿತ್ತು.

ನನ್ನ ಡ್ರೈವಿಂಗ್ ಸ್ಟೈಲ್ ಏನು? ನನಗೆ ಕಲಿಸಿದ ಡ್ರೈವಿಂಗ್ ಸ್ಕೂಲಿನವರು ಮೊದಲ ದಿನವೇ ಹೇಳಿದ್ದರು. "ಮೀಟರ್ ನೋಡ್ಬ್ಯಾಡಿ ಮೇಡಂ, ರೋಡ್ ನೋಡಿ. ಗೇರ್ ಯಾವಾಗ ಬದ್ಲಾಯಿಸ್ಬೇಕು ಅಂತ ಇಂಜಿನ್ನೇ ಕೂಗಿ ಹೇಳ್ತದೆ." ಕೂಗಿದರೆ ಮೇಲಿನ ಗೇರು, ನರಳಿದರೆ ಕೆಳಗಿನ ಗೇರು. ನಮ್ಮ ಕಡೆ ಕಲಿತವರಲ್ಲಿ ಬಹಳ ಜನ ಹೀಗೆಯೇ, ಕಿವಿಯಲ್ಲಿ ಕಾರು ಓಡಿಸುವವರು. ನೀವೂ ಇರಬಹುದು, ನಾಳೆ ಗಮನಿಸಿ ನೋಡಿ.

ಭಾನುವಾರ ಬೆಳಿಗ್ಗೆ ಮಂಜುವನ್ನು ಎಬ್ಬಿಸಿ ಊರಾಚೆಯ ಖಾಲಿ ರಸ್ತೆಗೆ ಕರೆದುಕೊಂಡು ಹೋದೆ. ಅವನು ಓಡಿಸಿದ. ನಾನು ಪಕ್ಕದಲ್ಲಿ ಕೂತು ಆರ್‌ಪಿಎಂ ಮುಳ್ಳನ್ನು ನೋಡಿದೆ. (ಇಂಜಿನ್ ಎಷ್ಟು ವೇಗವಾಗಿ ತಿರುಗುತ್ತಿದೆ ಅಂತ ತೋರಿಸುವ ಮುಳ್ಳು. ನಮ್ಮ ಕಾರಿನಲ್ಲಿ ಅದು ಇದೆ ಅಂತ ನನಗೆ ತಿಳಿದದ್ದೇ ಆ ದಿನ.) ಮಂಜು ಮುಳ್ಳು ಮೂರು ಸಾವಿರ ದಾಟಿದರೂ ಗೇರ್ ಬದಲಾಯಿಸುವವನಲ್ಲ. ಇಂಜಿನ್ ಅರಚುತ್ತಿದ್ದರೆ ಅವನ ಮುಖದಲ್ಲಿ ಒಂದು ಕಳೆ.

ಆಮೇಲೆ ನಾನು ಓಡಿಸಿದೆ. ಎಂದಿನಂತೆ, ಕಿವಿ ಹೇಳಿದ ಹಾಗೆ. ಸೆಕೆಂಡ್ ಗೇರಿನಲ್ಲಿ ಇಂಜಿನ್ ಜೋರಾಗಿ ಕೂಗಿತು, ಇನ್ನು ಥರ್ಡ್ ಹಾಕಬೇಕು ಅಂತ ಕೈ ತಾನೇ ಹೋಯಿತು. ಆಗ ಮುಳ್ಳು ನೋಡಿದರೆ, ಒಂದೂವರೆ ಸಾವಿರವೂ ಇಲ್ಲ!

ಗೊತ್ತಾಯಿತಲ್ಲ? ಇಂಜಿನ್ ಇನ್ನೂ ಮೆಲ್ಲಗೆ ತಿರುಗುತ್ತಿರುವಾಗಲೇ ಹೊಸ ಪೈಪು ಜೋರಾಗಿ ಕೂಗುತ್ತದೆ. ನನ್ನ ಕಿವಿ ಅದನ್ನು ನಂಬುತ್ತದೆ. ನಾನು ಅವಸರಪಟ್ಟು ಮೇಲಿನ ಗೇರ್ ಹಾಕುತ್ತೇನೆ, ಇಂಜಿನ್ ಉಸಿರು ಸಿಕ್ಕಿಕೊಂಡು ನಿಲ್ಲುತ್ತದೆ. ಕೆರೆ ಏರಿಯ ಮೇಲೆ ಆದದ್ದು ಇದೇ.

ಆದರೆ ಇಷ್ಟೇ ಆಗಿದ್ದರೆ ತಪ್ಪು ಪೂರ್ತಿ ನನ್ನ ಕಿವಿಯದ್ದು. ಹಾಗಿರಲಿಲ್ಲ. ಕಡಿಮೆ ವೇಗದಲ್ಲಿ ಇಂಜಿನ್ನಿನ ಎಳೆತವೇ ಸ್ವಲ್ಪ ಸೋತಿತ್ತು. ಅದು ಯಾಕೆ ಅಂತ ಓದಿದೆ, ವಿಡಿಯೋ ನೋಡಿದೆ. (ಒಂದೊಂದು ವಿಡಿಯೋದವರು ಒಂದೊಂದು ಹೇಳುತ್ತಾರೆ. ಎಲ್ಲರದ್ದೂ ಭಾರೀ ಧೈರ್ಯದ ದನಿ.) ಕೊನೆಗೆ ನನಗೆ ಅರ್ಥವಾದದ್ದು ಊದುಗೊಳವೆಯಿಂದ.

ಒಲೆ ಊದಿದವರಿಗೆ ಗೊತ್ತು. ಕೊಳವೆ ಸಣ್ಣದಿದ್ದರೆ ಮೆಲ್ಲಗೆ ಊದಿದರೂ ಗಾಳಿ ಬಿರುಸಾಗಿ ಹೋಗಿ ಕೆಂಡ ಉರಿಯುತ್ತದೆ. ಅದೇ ಉಸಿರನ್ನು ಬೋರ್‌ವೆಲ್ ಪೈಪಿನಲ್ಲಿ ಊದಿ ನೋಡಿ. ಗಾಳಿ ಒಳಗೇ ಸೋಮಾರಿಯಾಗಿಬಿಡುತ್ತದೆ. ಇಂಜಿನ್ನಿನ ಹೊಗೆಯದೂ ಸುಮಾರು ಇದೇ ಕಥೆ. ಹೊಗೆ ಬಿರುಸಾಗಿ ಹೊರಗೆ ಹೋದರೆ ಹಿಂದಿರುವ ಹೊಗೆಯನ್ನೂ ಎಳೆದುಕೊಂಡು ಹೋಗುತ್ತದೆ, ಸಿಲಿಂಡರ್ ಚೊಕ್ಕಟವಾಗಿ ಖಾಲಿಯಾಗಿ ಹೊಸ ಗಾಳಿಗೆ ಜಾಗವಾಗುತ್ತದೆ. ಇಂಜಿನ್ ಜೋರಾಗಿ ತಿರುಗುವಾಗ ಹೊಗೆ ಬಹಳ, ಆಗ ಅಗಲದ ಪೈಪು ಅನುಕೂಲವೇ. ಮೆಲ್ಲಗೆ ತಿರುಗುವಾಗ ಹೊಗೆ ಕಡಿಮೆ. ಆಗ ಅಷ್ಟಗಲದ ಪೈಪಿನಲ್ಲಿ ಅದು ಆರಾಮಾಗಿ ನಡೆಯುತ್ತದೆ, ಯಾರನ್ನೂ ಎಳೆಯುವುದಿಲ್ಲ. ಎಷ್ಟು ಗಾಳಿಗೆ ಎಷ್ಟು ಪೆಟ್ರೋಲ್ ಅಂತ ಲೆಕ್ಕ ಹಾಕುವ ಕಾರಿನೊಳಗಿನ ಕಂಪ್ಯೂಟರ್ ಬೇರೆ ಇನ್ನೂ ಹಳೇ ಪೈಪಿನ ಲೆಕ್ಕದಲ್ಲೇ ಇರುತ್ತದೆ. ಇಂಜಿನ್ನಿಗೆ ತಕ್ಕ ಪೈಪು ಆರಿಸಿ, ಆ ಲೆಕ್ಕವನ್ನೂ ತಿದ್ದಿಸಿದರೆ ಲಾಭ ಇರಬಹುದು. ನಮ್ಮದು ಹಾಗಲ್ಲ. ಹೊಳೆಯುತ್ತಿತ್ತು, ಹಾಕಿಸಿಕೊಂಡು ಬಂದ.

ಹಾಗಾದರೆ ಮಂಜುವಿನ ಪಿಕಪ್? ಅದೂ ಒಂದು ಕುತೂಹಲ.

"ಮಂಜು, ಕಿವಿಗೆ ಹತ್ತಿ ಇಟ್ಕೊಂಡು ಒಂದು ರೌಂಡ್ ಓಡ್ಸು."

"ಯಾಕತ್ತಿಗೆ?"

"ಸುಮ್ನೆ ಓಡ್ಸಪ್ಪ."

ರಸ್ತೆಯಲ್ಲಿ ನಾಯಿಯೂ ಇರಲಿಲ್ಲ, ಆದ್ದರಿಂದ ಧೈರ್ಯ ಮಾಡಿದೆ. (ನೀವು ಮಾಡಬೇಡಿ.) ಅವನು ಹತ್ತಿ ಇಟ್ಟುಕೊಂಡು, ಅದರ ಮೇಲೆ ಮಫ್ಲರ್ ಸುತ್ತಿಕೊಂಡು ಒಂದು ಸುತ್ತು ಹೋಗಿ ಬಂದ. ಇಳಿದವನು ಬಾನೆಟ್ಟನ್ನೇ ನೋಡುತ್ತಾ ನಿಂತ.

"ಯಾಕೋ ಡಲ್ ಹೊಡೀತದೆ ಅತ್ತಿಗೆ. ಪೆಟ್ರೋಲ್ ಸರಿಗಿಲ್ವೇನೋ."

ನಾನು ನಗಲಿಲ್ಲ. ನಗು ಬಂದದ್ದು ನಿಜ. ಪಾಪ, ಅವನ ಪಿಕಪ್‌ನಲ್ಲಿ ಬಹುಪಾಲು ಅವನ ಕಿವಿಯಲ್ಲೇ ಇತ್ತು. ಸದ್ದು ಕೇಳಿದರೆ ಖುಷಿ, ಖುಷಿಯಾದರೆ ಕಾಲು ಇನ್ನಷ್ಟು ಒತ್ತುತ್ತದೆ, ಒತ್ತಿದರೆ ಕಾರು ಓಡುತ್ತದೆ. ಹಳೇ ಸೈಲೆನ್ಸರ್ ಇದ್ದಾಗ ಹೀಗೆ ಒತ್ತಿದ್ದರೂ ಸುಮಾರು ಅಷ್ಟೇ ಓಡುತ್ತಿತ್ತೋ ಏನೋ. ಜೋರಾಗಿ ಮಾತಾಡುವವರೇ ಕೆಲಸ ಮಾಡುವವರು ಅಂತ ನಮ್ಮ ಸ್ಟಾಫ್ ರೂಮಿನಲ್ಲೂ ನಂಬಿಕೆ ಇದೆ. ಇಲ್ಲಿ ತುಂಬಿದ ಕೊಡದ ಗಾದೆ ಹೇಳುವ ಆಸೆಯಾಯಿತು, ತಡೆದುಕೊಂಡಿದ್ದೇನೆ.

ಮನೆಗೆ ಬಂದು ಎಲ್ಲವನ್ನೂ ವಿವರಿಸಿದೆ. ಊದುಗೊಳವೆ, ಮುಳ್ಳು, ಹತ್ತಿ, ಎಲ್ಲ. ಯಜಮಾನರು ಪೇಪರಿನ ಹಿಂದಿನಿಂದಲೇ ಹೇಳಿದರು, "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ."

ಆ ಗಾದೆಯಲ್ಲಿ ಕುಣಿಯಲಾರದವಳೇ ಯಾಕಿದ್ದಾಳೆ, ಕುಣಿಯಲಾರದವನು ಯಾಕಿಲ್ಲ ಅಂತ ಕೇಳಿದೆ. ಪೇಪರ್ ಇನ್ನೂ ಸ್ವಲ್ಪ ಮೇಲಕ್ಕೆ ಹೋಯಿತು. ನಾನು ಸೋಮವಾರ ಬಸ್ಸಿಗೆ ಹೋದೆ. ಬುಧವಾರವೂ.

ಮುಂದಿನ ಭಾನುವಾರ ಹಳೇಕೋಟೆಯ ನೆಂಟರ ಮನೆಯಲ್ಲಿ ಮಗುವಿಗೆ ಹೆಸರಿಡುವ ಶಾಸ್ತ್ರ. ಕಾರು ಮಂಜುವಿನ ಕೈಯಲ್ಲಿ. ಮುಂದಿನ ಸೀಟಿನಲ್ಲಿ ಅತ್ತೆ, ಅವರ ಮಡಿಲಲ್ಲಿ ಒಂದು ದೊಡ್ಡ ಪಾತ್ರೆ ಮೊಸರು. (ನೆಂಟರ ಮನೆಯಲ್ಲಿ ಮೂರು ಹಸು ಇವೆ. ಆದರೂ ನಮ್ಮತ್ತೆ ಹೆಪ್ಪು ಹಾಕಿದ ಮೊಸರೇ ಮೊಸರು.) ಹಿಂದೆ ನಾನು ಮತ್ತು ಯಜಮಾನರು. ದಾರಿಯುದ್ದಕ್ಕೂ ಅತ್ತೆಯ ಕಣ್ಣು ಪಾತ್ರೆಯ ಮೇಲೆ, ಬಾಯಿ ಮಂಜುವಿನ ಮೇಲೆ.

ಕೆರೆ ಏರಿ ಬಂತು. ಮಂಜು ತಿರುವು ತೆಗೆದುಕೊಂಡು, ಎಂದಿನಂತೆ ಕಾಲು ಒತ್ತಿ, ಗುರ್ ಅನ್ನಿಸಿದ.

"ಯಾಕ್ಲಾ ಅಂಗೆ ಕಿರುಚುಸ್ತೀಯ? ಮ್ವಸರು ಚೆಲ್ತದೆ. ಮೆಲ್ಲಗೆ ಓಗ್ಲಾ."

ತಾಯಿಯ ಮಾತು. ಅವನು ಕಾಲು ಸಡಿಲಿಸಿದ, ಸದ್ದು ತಗ್ಗಲಿ ಅಂತ ಥರ್ಡ್ ಗೇರ್ ಹಾಕಿದ. ಕಾರು ಗಡಗಡ ನಡುಗಿತು. ನಿಂತಿತು.

ನಾನು ಆಡಬೇಕಾದ ಮಾತುಗಳನ್ನು ಒಂದು ವಾರದಿಂದ ಮನಸ್ಸಿನಲ್ಲೇ ಜೋಡಿಸಿಟ್ಟುಕೊಂಡಿದ್ದೆ. ಬಾಯಿ ತೆರೆಯುವಷ್ಟರಲ್ಲಿ ಅತ್ತೆಯೇ ತೆರೆದರು.

"ಗಾಡೀಲಿ ಏನೋ ಐತೆ ಕಣ್ಲಾ. ಆ ಪಳಪಳ ಅನ್ನೋ ಕೊಳವೆ ಹಾಕುಸ್ದಾಗಿಂದ್ಲೂ ಇಂಗೇಯ. ನಾಳೀಕೇ ತೆಗ್ಸಾಕು."

"ಹೌದು, ಇಂಜಿನ್ ಎಳೀತಾನೇ ಇಲ್ಲ," ಅಂದರು ಕ್ಲಚ್ಚು ಯಾವುದು ಅಂತ ಗೊತ್ತಿಲ್ಲದ ನಮ್ಮ ಯಜಮಾನರು.

"ನಾನೂ ನೋಡ್ತಾನೇ ಇದ್ದೆ. ಕಡಿಮೆ ಸ್ಪೀಡಲ್ಲಿ ಇದಕ್ಕೆ ಶಕ್ತಿಯಿಲ್ಲ," ಅಂದ ಮಂಜು.

ಮಾರನೇ ದಿನವೇ ಫ್ರೀ ಫ್ಲೋ ಇಳಿದು ಕಂಪನಿಯ ಸೈಲೆನ್ಸರ್ ಬಂತು. ಕಾರು ಮತ್ತೆ ಮೆತ್ತಗಾಯಿತು, ಕೀ ನನ್ನ ಕೈಗೆ ಬಂತು. ಮಂಜು ತಾನೇ ತಂದು ಕೊಟ್ಟ, "ಅತ್ತಿಗೆ, ನೀವು ಹೇಳಿದ್ದು ಸರಿ ಬಿಡಿ" ಅಂತಲೂ ಅಂದ. ಒಳ್ಳೆಯ ಹುಡುಗ. ನಾನು ಆ ವಾರ ಚನ್ನರಾಯಪಟ್ಟಣಕ್ಕೆ ಕಾರಿನಲ್ಲೇ ಹೋದೆ, ಎಳನೀರನ್ನೂ ಕುಡಿದೆ. ಸಂತೋಷಪಡಬೇಕಾದದ್ದೇ, ಪಟ್ಟಿದ್ದೇನೆ. ಆದರೂ ಮುಳ್ಳು ನೋಡಿ ನೋಡಿ ಅಭ್ಯಾಸವಾಗಿದೆಯಲ್ಲ, ಇದೊಂದು ಲೆಕ್ಕ ಕಣ್ಣಿಗೆ ಬಿದ್ದೇಬಿಟ್ಟಿತು.

ಅದೇ ಏರಿಯ ಮೇಲೆ ಅದೇ ಕಾರು ನನ್ನ ಕೈಯಲ್ಲಿ ನಿಂತಾಗ ಬದಲಾಯಿಸಿದ್ದು ಡ್ರೈವರನ್ನು, ಮಂಜುವಿನ ಕೈಯಲ್ಲಿ ನಿಂತಾಗ ಬದಲಾಯಿಸಿದ್ದು ಸೈಲೆನ್ಸರನ್ನು.