ಗೋಡೆಗೊಂದು ಬಾಗಿಲು

ಗುಡಿಯ ಬಾಗಿಲನ್ನು ತಗ್ಗಾಗಿಸಿರುವುದು ಭಕ್ತನ ಶಿರಸ್ಸು ತಾನಾಗಿ ಬಾಗಲೆಂದು ಎನ್ನುತ್ತಾರೆ. ಧ್ಯಾನದಲ್ಲೇ ನಡೆದುಬಂದು ಅದಕ್ಕೆ ಹಣೆ ಚಚ್ಚಿಕೊಂಡ ನನ್ನನ್ನು ಕಂಡು, ಇದೂ ಪೂಜೆಯ ಒಂದು ಅಂಗವಿರಬೇಕೆಂದು ಭಾವಿಸಿದವರುಂಟು. ಬಾಗಿಲು ತಗ್ಗಾಗಿದ್ದರೆ ಬಗ್ಗಬಹುದು, ಕಿರಿದಾಗಿದ್ದರೆ ಓರೆಯಾಗಬಹುದು. ಬಾಗಿಲೇ ಇಲ್ಲದಿದ್ದರೆ ಏನು ಗತಿಯೆಂಬುದನ್ನು ಮಾತ್ರ ನಾನು ಓದಿದ ಯಾವ ಶಾಸ್ತ್ರವೂ ಹೇಳಿರಲಿಲ್ಲ.

ಎಪ್ಪತ್ತರ ದಶಕದಲ್ಲಿ ಹೊಸದುರ್ಗದ ನಮ್ಮ ಕೇರಿಯವರು ಹಾಳುಬಿದ್ದ ಮಕ್ಕಳ ಆಟದ ಬಯಲನ್ನು ಮತ್ತೆ ಕಟ್ಟಲು ಹೊರಟಾಗ, ಎಲ್ಲರ ಅಭಿಪ್ರಾಯ ಕೇಳಲೆಂದು ಒಂದು ಭಾನುವಾರ ಬೆಳಿಗ್ಗೆ ಶಾಲೆಯ ಜಗಲಿಯಲ್ಲಿ ಸಭೆ ಸೇರಿತು. ಬೇರಾವ ಕಾರ್ಯಕ್ಕೂ ಒದಗದ ನಿವೃತ್ತ ಸಂಸ್ಕೃತ ಪಂಡಿತನಾದ ನನಗೆ ಅಧ್ಯಕ್ಷಪೀಠ ಸಹಜವಾಗಿಯೇ ಒಲಿಯಿತು. ಹಿಂದೆ ಮಕ್ಕಳು ಗೇಟು ತೆರೆದಿಟ್ಟು ಹೋಗುತ್ತಿದ್ದರು, ಸಂಜೆ ಮರಳುವ ಕುರಿಗಳು ಒಳನುಗ್ಗಿ ನೆಟ್ಟ ಗಿಡಗಳನ್ನೆಲ್ಲ ಮುಗಿಸುತ್ತಿದ್ದವು. ಆದ್ದರಿಂದ ಈ ಸಲ ಬಾಗಿಲೇ ಬೇಡ, ಎದೆಯೆತ್ತರದ ಗೋಡೆ ಕಟ್ಟಿ ಹತ್ತಿಳಿಯಲು ಎರಡೂ ಬದಿಗೆ ಕಲ್ಲು ಚಾಚಿಸೋಣವೆಂದ, ಕಲ್ಲನ್ನೆಲ್ಲ ದಾನವಾಗಿ ಕೊಡಲೊಪ್ಪಿದ್ದ ಗುತ್ತಿಗೆದಾರ ರುದ್ರಣ್ಣ. ಎಲ್ಲರೂ ತಲೆದೂಗಿದರು, ನಾನೂ ದೂಗಿದೆ.

ಆಗ ಕುರಿಗಾಹಿ ಕಾಟಪ್ಪ ಎದ್ದುನಿಂತ. ಪಕ್ಕದಲ್ಲಿ ಅವನ ಮೊಮ್ಮಗಳು ತಿಮ್ಮಕ್ಕ, ಪೋಲಿಯೋದಿಂದ ಕಾಲು ಸೋತ ಮಗು, ಗಾಲಿ ಹಾಕಿದ ಮಣೆಯ ಮೇಲೆ ಕುಳಿತಿದ್ದಳು.

"ಗ್ವಾಡೆ ಹತ್ತಾಕೆ ನಮ್ ಹುಡುಗಿಗೆ ಆಗ್ತೈತೇನ್ರಿ?"

"ನಿನ್ ಕುರಿ ಮೇಯ್ದಿದ್ದಕ್ಕೇ ಗೋಡೆ, ಕಾಟಪ್ಪ. ಕುರೀನೂ ನಿಂದೇ, ತಕರಾರೂ ನಿಂದೇ," ಎಂದ ರುದ್ರಣ್ಣ. "ಬಾಗ್ಲಿಡೋದಾದ್ರೆ ನನ್ ಕಲ್ಲು ಬರಲ್ಲ."

ಕಾಟಪ್ಪ ಹೆಗಲ ಕರಿಕಂಬಳಿಯನ್ನು ತೆಗೆದು ನಮ್ಮ ಮುಂದೆ ಹಾಸಿ ಅದರ ಮೇಲೆ ಕುಳಿತ. ಕಂಬಳಿ ಹಾಸಿ ಆಡಿದ ಮಾತು ಕುರಿಗಾಹಿಗಳಲ್ಲಿ ದೇವರ ಮುಂದೆ ಆಡಿದ ಮಾತು. ಎದುರಿನವರು ಬಂದು ಜೊತೆಗೆ ಕುಳಿತರೆ ಒಪ್ಪಿದಂತೆ, ಕೂರದಿದ್ದರೆ ಆಡಿದವನನ್ನು ಸುಳ್ಳನೆಂದಂತೆ.

"ಬಾಗ್ಲಿಡ್ರಿ. ನಾಳೆಯಿಂದ ನನ್ ಕುರಿ ಕೆರೆ ಬಳಸಿ ಹೋಗ್ತವೆ. ಈ ದಾರಿ ತುಳಿಯಲ್ಲ."

"ನೀನೇನೋ ಮಾತು ಕೊಟ್ಟೆ. ಕುರಿಗಳೂ ಕೊಟ್ಟಾವೇನಪ್ಪ?" ಎಂದ ರುದ್ರಣ್ಣ.

ಜಗಲಿ ನಕ್ಕಿತು. ಕಾಟಪ್ಪ ನಗಲಿಲ್ಲ, ಏಳಲೂ ಇಲ್ಲ. ನಗು ಅರ್ಧಕ್ಕೇ ಬತ್ತಿ, ಎಲ್ಲರ ಕಣ್ಣೂ ಅಧ್ಯಕ್ಷನತ್ತ ಹೊರಳಿತು. ಉಣ್ಣೆಗೆ ಮೈಲಿಗೆಯಿಲ್ಲವೆಂದು ಜೀವಮಾನವಿಡೀ ಪಾಠ ಹೇಳಿದ ನನ್ನನ್ನು ಪೀಠಕ್ಕೆ ಅಂಟಿಸಿದ್ದು ಮಡಿಯಲ್ಲ, ಭಯ. ರುದ್ರಣ್ಣ ಮುನಿದರೆ ಕೇರಿಯ ಯಾವ ಮಗುವಿಗೂ ಬಯಲಿಲ್ಲ. ಮುನಿಯದಿದ್ದರೆ ಈ ಒಂದು ಮಗುವಿಗಿಲ್ಲ. ಕೊನೆಗೆ, ಅಲ್ಲಿಯತನಕ ಯಾರೂ ಅಭಿಪ್ರಾಯ ಕೇಳದಿದ್ದವಳನ್ನು ಕೇಳಿದೆ: "ನಿನಗೇನು ಬೇಕವ್ವ?"

ತಿಮ್ಮಕ್ಕ ಯೋಚಿಸಿ ಹೇಳಿದಳು. "ಜಾರುಬಂಡೆ ಹತ್ತಾಕೆ ನಂಗಾಗಲ್ಲ ಅಜ್ಜಾರೆ. ಕೆಳಗೆ ಕುಂತು ಯಾರು ಮೊದ್ಲು ಬಂದ್ರು ಅಂತ ಹೇಳೋಳು ನಾನೇ. ಹುಡುಗ್ರು ಬರೀ ಸುಳ್ಳು ಹೇಳ್ತಾರೆ. ಗ್ವಾಡೆ ಆಚೆ ಇದ್ರೆ ಕಾಣಲ್ಲ."

ನಾನು ಪೀಠದಿಂದಿಳಿದು, ಮಂಡಿಗಳ ಆಕ್ಷೇಪಣೆಯನ್ನು ಲೆಕ್ಕಿಸದೆ, ಕಂಬಳಿಯ ಮೇಲೆ ಕುಳಿತೆ. ರುದ್ರಣ್ಣ ನಿಂತೇ ಇದ್ದ. ನನಗೆ ಕಲಿತ ಸ್ತೋತ್ರಗಳಲ್ಲೊಂದೂ ನೆನಪಾಗಲಿಲ್ಲ. ಬರೀ ದೇವರೇ ಎಂದುಕೊಂಡೆ.

"ಸ್ವಲ್ಪ ಸರ್ಕಳ್ರಿ ಶಾಸ್ತ್ರಿಗಳೆ," ಎಂದಿತು ತಲೆಯ ಮೇಲಿನಿಂದ ರುದ್ರಣ್ಣನ ದನಿ.

ಕುರಿಗಳು ಕೆರೆ ಬಳಸಿದವು. ಗೋಡೆಯಲ್ಲಿ, ಮೆಟ್ಟಿಲೂ ಹೊಸಿಲೂ ಇಲ್ಲದೆ, ಮಣೆ ಸರಾಗವಾಗಿ ಉರುಳುವ ಬಾಗಿಲೆದ್ದಿತು. ಬಯಲು ತೆರೆದ ದಿನ ಮೊದಲ ಪಂದ್ಯದಲ್ಲೇ ತಿಮ್ಮಕ್ಕ, ರುದ್ರಣ್ಣನ ಮೊಮ್ಮಗ ಎರಡನೆಯವನೆಂದು ತೀರ್ಪಿತ್ತಳು. ರುದ್ರಣ್ಣ ನನ್ನತ್ತ ನೋಡಿದ. ಅಧ್ಯಕ್ಷನಿಗೆ ಅಲ್ಲಿ ಅಧಿಕಾರವಿಲ್ಲವೆಂದೆ.