ಶಾರದವ್ವನ ಪಾಲಿನ ಟಾಪು

ಎತ್ತಿನ ಗಾಡಿಯನ್ನು ಅಣ್ಣತಮ್ಮಂದಿರಿಗೆ ಹಿಸ್ಸೆ ಮಾಡುವುದು ಹೇಗೆಂದು ಬನವಾಸಿ ಕಡೆಯ ಹಿರಿಯರಿಗೆ ಚೆನ್ನಾಗಿ ಗೊತ್ತು. ಒಬ್ಬನಿಗೆ ಗಾಡಿ, ಇನ್ನೊಬ್ಬನಿಗೆ ನೊಗ. ಮಾರನೆಯ ದಿನದಿಂದ ಒಬ್ಬನನ್ನು ಬಿಟ್ಟು ಇನ್ನೊಬ್ಬ ಗಾಡಿ ಹೂಡಲಾರ. ಆದ್ದರಿಂದ ಜಗಳವೂ ಬಹಳ ದಿನ ನಡೆಯದು. ಇದೇ ಪದ್ಧತಿಯನ್ನು ಅವರು ೧೯೫೮ರಲ್ಲಿ ಒಂದು ಮೋಟಾರು ವ್ಯಾನಿಗೂ ಅನ್ವಯಿಸಿದರು.

ವ್ಯಾನು ಶಾರದವ್ವನ ಗಂಡ ಪರಮೇಶ್ವರಪ್ಪನದು. ಯುದ್ಧ ಮುಗಿದ ಮೇಲೆ ಹುಬ್ಬಳ್ಳಿಯಲ್ಲಿ ಕೊಂಡು ತಂದ ವಿಲಾಯತಿ ಗಾಡಿ. ಅದನ್ನು ಕೊಳ್ಳಲು ಶಾರದವ್ವ ತನ್ನ ಎರಡೂ ಕೈಯ ಬಂಗಾರದ ಪಾಟ್ಲಿ ಬಿಚ್ಚಿಕೊಟ್ಟಿದ್ದಳು. ಶಿರಸಿಯಿಂದ ಸಿದ್ದಾಪುರಕ್ಕೆ ದಿನವೂ ಹೋಗಿಬರುತ್ತಿದ್ದ ಆ ವ್ಯಾನಿನ ನೆತ್ತಿಯ ಮೇಲೆ ಕಂಪನಿಯವರೇ ಕೂರಿಸಿ ಕಳಿಸಿದ ಕ್ಯಾರಿಯರ್ ಇತ್ತು: ಕಬ್ಬಿಣದ ಸರಳು, ನಡುವೆ ಮರದ ಪಟ್ಟಿ. ನಾವೆಲ್ಲ ಅದನ್ನು ಟಾಪು ಎನ್ನುತ್ತಿದ್ದೆವು. ಅಡಕೆ ಮೂಟೆ, ಬೆಲ್ಲದ ಡಬ್ಬಿ, ಬಾಳೆಗೊನೆ, ಮದುವೆಯ ಹಂಡೆ ಎಲ್ಲವೂ ಟಾಪಿನ ಮೇಲೆ. ಪರಮೇಶ್ವರಪ್ಪ ಗಾಡಿ ಹೊಡೆಯುತ್ತಿದ್ದ, ಅವನ ತಮ್ಮ ಚಂದ್ರಶೇಖರಪ್ಪ ಕಂಡಕ್ಟರಿಕೆ ಮಾಡುತ್ತಿದ್ದ. ಶಿರಸಿಯಲ್ಲಿ ಮನೆ ಮಾಡಿಕೊಂಡು ಸಿದ್ದಾಪುರದಲ್ಲಿ ಮಾಸ್ತರಿಕೆ ಮಾಡುತ್ತಿದ್ದ ನಾನು ಒಳಗೆ ಕೂತು ನಿದ್ದೆ ಮಾಡುತ್ತಿದ್ದೆ.

ಪರಮೇಶ್ವರಪ್ಪ ವಿಷಮಶೀತ ಜ್ವರದಲ್ಲಿ ತೀರಿಕೊಂಡ. ದಿನಕರ್ಮ ಮುಗಿದ ಮೇಲೆ ಹಿರಿಯರು ಕೂತರು. ಹೆಂಗಸು ಮೋಟಾರು ನಡೆಸುವುದುಂಟೇ ಎಂದು ವ್ಯಾನನ್ನು ಚಂದ್ರಶೇಖರಪ್ಪನಿಗೆ ಕೊಟ್ಟರು. ವಿಧವೆಯನ್ನು ಬರಿಗೈಲಿ ಕಳಿಸಬಾರದಲ್ಲ, ಟಾಪನ್ನು ಶಾರದವ್ವನಿಗೆ ಕೊಟ್ಟರು. ಅದರ ಮೇಲೆ ಹೋಗುವ ಸಾಮಾನಿನ ಬಾಡಿಗೆ ಅವಳಿಗೆ. ತೀರ್ಪು ಹೇಳಿದ ಮಡಿವಾಳಪ್ಪ ಬಹಳ ನ್ಯಾಯವಂತ. ಗಾಡಿ, ನೊಗದ ಲೆಕ್ಕ ಅವನ ತಲೆಯಲ್ಲಿತ್ತು. ನೊಗವಿಲ್ಲದೆ ಗಾಡಿ ಹೋಗದು, ಟಾಪಿಲ್ಲದೆಯೂ ವ್ಯಾನು ಹೋಗುತ್ತದೆ ಎಂಬುದು ಮಾತ್ರ ಹೊಳೆಯಲಿಲ್ಲ.

ಚಂದ್ರಶೇಖರಪ್ಪನಿಗೆ ಬೇರೊಂದು ಹೊಳೆಯಿತು. ನೆಂಟರ ಸಾಮಾನಿಗೆ ಬಾಡಿಗೆ ಕೇಳುವ ಪದ್ಧತಿ ಅವರಲ್ಲಿಲ್ಲ. ಆದ್ದರಿಂದ ಟಾಪಿನ ಮೇಲೆ ಏರಿದ ಸಾಮಾನೆಲ್ಲ ನೆಂಟರದಾಯಿತು. ಬಾಡಿಗೆಯನ್ನು ಅವನು ತನ್ನ ಜೇಬಿಗೆ ಹಾಕಿಕೊಂಡು, ಅತ್ತಿಗೆಗೆ ನೆಂಟರ ಹೆಸರು ಹೇಳಿ ಕಳಿಸುತ್ತಿದ್ದ. ಒಂದು ವರ್ಷದಲ್ಲಿ ಸಿದ್ದಾಪುರ ತಾಲೂಕು ಪೂರ್ತಿ ಅವರ ಬೀಗರಾಗಿಬಿಟ್ಟಿತು.

ಒಂದು ಸಂತೆಯ ದಿನ ಶಾರದವ್ವ ತಾನೇ ಮೋಟಾರು ಸ್ಟ್ಯಾಂಡಿಗೆ ಬಂದು, ಸೆರಗು ಬಿಗಿದು, ಟಾಪಿನ ಕಡೆ ಕತ್ತೆತ್ತಿ ನಿಂತಳು.

"ಆ ಮೂಟಿ ಯಾರ್ವು?"

"ನಮ್ಮ ಸೋದರಮಾವನ ಕಡಿಯಾವ್ರವು, ವೈನಿ," ಎಂದ ಚಂದ್ರಶೇಖರಪ್ಪ.

"ಆ ಹಲಸಿನಹಣ್ಣು?"

"ಅದು ಮಾಸ್ತರ್ದು. ಅವರೂ ನೆಂಟರ."

ಶಾರದವ್ವ ನನ್ನ ಕಡೆ ತಿರುಗಿದಳು. "ಮಾಸ್ತರ, ನೀವು ನಮಗ ಏನಾಗಬೇಕ್ರಿ?"

ನಾನು ಜನಿವಾರದವನು, ಅವರು ಲಿಂಗ ಕಟ್ಟಿದವರು. ಹಣ್ಣಿನ ಬಾಡಿಗೆಯನ್ನು ಬೆಳಿಗ್ಗೆಯೇ ಎಣಿಸಿಕೊಟ್ಟಿದ್ದೆ. ಎರಡು ಮನೆತನದ ವಂಶಾವಳಿಯನ್ನೂ ಮನಸ್ಸಿನಲ್ಲೇ ಒಮ್ಮೆ ತಿರುವಿಹಾಕಿ, "ಸದ್ಯ ನೆನಪಿಗೆ ಬರ್ತಾ ಇಲ್ಲ, ಅಮ್ಮ," ಎಂದೆ.

ಸ್ಟ್ಯಾಂಡಿನಲ್ಲಿದ್ದವರೆಲ್ಲ ನಕ್ಕರು. ಸಿಕ್ಕಿಬಿದ್ದದ್ದಕ್ಕಿಂತ ಆ ನಗು ಚಂದ್ರಶೇಖರಪ್ಪನಿಗೆ ಹೆಚ್ಚು ಚುಚ್ಚಿತು.

"ಹೆಂಗಸರು ಟಾಪು ನೋಡ್ಕೋತ ಇಲ್ಲಿ ನಿಂತ್ರ ಮನಿ ಒಲಿ ಯಾರು ನೋಡ್ಬೇಕು?" ಎಂದು ಎಲ್ಲರಿಗೂ ಕೇಳುವಂತೆ ಹೇಳಿದ. "ಬಗಿಹರೀಲಿಲ್ಲಂದ್ರ ಕಿತ್ಕೊಂಡು ಹೋಗ್ರಿ ನಿಮ್ಮ ಟಾಪು. ತಲಿ ಮ್ಯಾಲೆ ಹೊತ್ಕೊಂಡು ತಿರಗ್ರಿ."

ಶಾರದವ್ವ ಮನೆಗೆ ಹೋದಳು. ಹೆಂಗಸು ಸೋತಿತು ಎಂದುಕೊಂಡೆವು. ಜನರನ್ನು ಅಳೆಯುವುದರಲ್ಲಿ ನನ್ನ ಜಾಣತನ ಯಾವತ್ತೂ ಅಷ್ಟೇ.

ಬೇಸಿಗೆ ಪೂರ್ತಿ ಅವಳು ಸ್ಟ್ಯಾಂಡಿನ ಕಡೆ ಸುಳಿಯಲಿಲ್ಲ. ಮಿರಗದ ಮಳೆ ಹಿಡಿಯಲು ನಾಲ್ಕಾರು ದಿನ ಇರುವಾಗ, ಆಕಾಶ ಕಪ್ಪಿಟ್ಟಿದ್ದ ಒಂದು ಬೆಳಿಗ್ಗೆ, ಮಡಿವಾಳಪ್ಪನನ್ನೂ ರಿಪೇರಿ ಗಣಪನನ್ನೂ ಕರೆದುಕೊಂಡು ಸ್ಟ್ಯಾಂಡಿಗೆ ಬಂದಳು.

"ಮಡಿವಾಳಪ್ನಾರ, ಈ ಟಾಪು ನಂದೋ ಅಲ್ಲೋ?"

"ನಿಂದ ಐತೆವ್ವ. ನಾವ ಹೇಳೇವಲ್ಲ."

"ಹಂಗಾರ ಮನಿಗಿ ಒಯ್ತೀನಿ. ನನ್ನ ಮೈದುನನೇ ಒಯ್ಯಿ ಅಂದಾನ."

ಚಂದ್ರಶೇಖರಪ್ಪ ಎಲೆಯಡಕೆ ಉಗುಳಿ, "ಒಯ್ಯಲಿ, ಒಯ್ಯಲಿ. ಹಳೇ ಗುಜರಿ," ಎಂದ. ಗುಜರಿ ಎಂಬುದು ಸುಳ್ಳಲ್ಲ. ಪಟ್ಟಿಗಳು ಕೊಳೆತು, ಕಬ್ಬಿಣ ತುಕ್ಕು ಹಿಡಿದು, ಮುಟ್ಟಿದರೆ ಅಂಗೈ ಕೆಂಪಾಗುತ್ತಿತ್ತು.

ಗಣಪ ಮೇಲೆ ಹತ್ತಿ ಬಗ್ಗಿ ನೋಡಿ ಅಲ್ಲಿಂದಲೇ ಕೂಗಿದ. "ತಾಯಿ, ಟಾಪಿಗೂ ಕೆಳಗಿನ ತಗಡಿಗೂ ಒಂದೇ ಬೋಲ್ಟು. ಇದನ್ನ ತೆಗದ್ರೆ ತಗಡು ಸಡ್ಲ ಆಗ್ತದೆ. ಸುತ್ತಲೂ ತೂತು ಉಳೀತದೆ."

"ತೂತು ಯಾರ ಪಾಲಿಗೆ ಬಂತ್ರಿ, ಮಡಿವಾಳಪ್ನಾರ?" ಎಂದು ಶಾರದವ್ವ ಕೇಳಿದಳು.

ಮಡಿವಾಳಪ್ಪ ಗಡ್ಡ ಕೆರೆದುಕೊಂಡು ಲೆಕ್ಕ ಹಾಕಿದ. "ವ್ಯಾನು ಅವಂದು. ತೂತೂ ಅವಂದ."

ಕೆಲಸ ಸಂಜೆಯವರೆಗೆ ನಡೆಯಿತು. ನಟ್ಟು ಒಂದೂ ತಿರುಗಲಿಲ್ಲ. ಗಣಪ ಸೀಮೆಎಣ್ಣೆ ಸುರಿದು ಕಾದ, ಬೈದ, ಕೊನೆಗೆ ಉಳಿ ಇಟ್ಟು ಸುತ್ತಿಗೆಯಿಂದ ಒಂದೊಂದೇ ತಲೆ ಹಾರಿಸಿದ. ಪ್ರತಿ ಏಟಿಗೂ ಚಂದ್ರಶೇಖರಪ್ಪನ ಕಣ್ಣು ಮುಚ್ಚಿ ತೆರೆಯುತ್ತಿತ್ತು. ಶಾರದವ್ವನ ಕಣ್ಣು ಒಮ್ಮೆಯೂ ಮುಚ್ಚಲಿಲ್ಲ. ನನ್ನನ್ನು ಅಲ್ಲಿಗೆ ಯಾರೂ ಕರೆದಿರಲಿಲ್ಲ. ಆದರೂ ನಾನು ಕದಲಲಿಲ್ಲ. ಆ ದಿನ ಸಿದ್ದಾಪುರದ ನಾಲ್ಕನೆಯ ಇಯತ್ತೆಯ ಮಕ್ಕಳಿಗೆ ಅನಿರೀಕ್ಷಿತ ರಜೆ ಸಿಕ್ಕಿತು.

ಆಮೇಲೆ ಮಿರಗ ಹಿಡಿಯಿತು. ಚಂದ್ರಶೇಖರಪ್ಪ ತೂತುಗಳಿಗೆ ಡಾಂಬರು ಮೆತ್ತಿದ, ಮೇಣದಬತ್ತಿ ಕರಗಿಸಿ ಹೊಯ್ದ, ಗೋಣಿಚೂರು ತುರುಕಿದ. ವ್ಯಾನು ಏರು ಹತ್ತಿ ಕುಲುಕಿದಾಗ ತಗಡು ಪಟಪಟ ಬಡಿದು, ಹಾಕಿದ್ದೆಲ್ಲ ಕಿತ್ತುಬರುತ್ತಿತ್ತು. ಒಳಗೆ ಕೂತವರು ಕೊಡೆ ಬಿಚ್ಚಿದರು. ಒಬ್ಬರ ಕೊಡೆಯ ನೀರು ಇನ್ನೊಬ್ಬರ ಕೊರಳಿಗೆ. ಹೊಸ ಟಾಪು ಕೂರಿಸೋಣವೆಂದರೆ ತಗಡಿನ ಕೆಳಗೆ ಬೋಲ್ಟು ಹಿಡಿಯಬೇಕಾದ ಕಮಾನೇ ಸವೆದಿತ್ತು. ಹಳೆಯ ಟಾಪಿನ ಅಳತೆಗಲ್ಲದೆ ಬೇರೆಯದಕ್ಕೆ ಅದು ಒಗ್ಗುತ್ತಿರಲಿಲ್ಲ. ಸಾಮಾನೆಲ್ಲ ಜನರ ತೊಡೆಯ ಮೇಲೆ ಬಂತು. ನೀರು ಸೋರದ ಜಾಗವೆಂದು ನಾನು ಬಹಳ ಹುಡುಕಿ ಕೂತಲ್ಲಿ ಡಾಂಬರು ಸೋರಿತು.

ಮನೆಗೆ ಬಂದಾಗ ಹೆಂಡತಿ ಬಾಗಿಲಲ್ಲೇ ತಡೆದು, "ಇದೆಂತ ಅವತಾರ? ಹೊಳೆ ಈಜಿ ಬಂದ್ರ?" ಎಂದಳು.

"ಇನ್ನು ಮೇಲೆ ಆನು ನಡದೇ ಹೋಗ್ತೆ," ಎಂದೆ. ನಡೆಯಲಿಲ್ಲ, ಬೇರೆ ಬಸ್ಸು ಹತ್ತಿದೆ. ಎಲ್ಲರೂ ಹತ್ತಿದರು. ತಾಲೂಕು ಪೂರ್ತಿ ಹಬ್ಬಿದ್ದ ನೆಂಟರಲ್ಲಿ ಒಬ್ಬನೂ ಹಿಂದೆ ಉಳಿಯಲಿಲ್ಲ.

ಇತ್ತ ಶಾರದವ್ವ ಟಾಪಿನ ತುಕ್ಕು ಕೆರೆಸಿ, ಕೆಂಪು ಬಣ್ಣ ಹೊಡೆಸಿ, ಮತ್ತಿ ಮರದ ಹೊಸ ಪಟ್ಟಿ ಹಾಕಿಸಿ ಹೊಚ್ಚಹೊಸದು ಮಾಡಿಸಿದ್ದಳು. ಅದನ್ನು ಸಿದ್ದಾಪುರ ರಸ್ತೆಗೆ ಮುಖಮಾಡಿದ ಶಿರಸಿಯ ತನ್ನ ಮನೆಯ ಗೋಡೆಗೆ, ಸೂರಿನ ಕೆಳಗೆ ತೂಗುಹಾಕಿದಳು. ವ್ಯಾನಿನ ಹಾರನ್ ಕೇಳಿದ ಕೂಡಲೇ ಕೈಯಲ್ಲಿದ್ದ ಕೆಲಸ ಬಿಟ್ಟು ಕಟ್ಟೆಗೆ ಬಂದು ಕೂರುತ್ತಿದ್ದಳು.

ಚೌತಿ ಕಳೆದ ಮೇಲೆ ಚಂದ್ರಶೇಖರಪ್ಪ ಮಡಿವಾಳಪ್ಪನನ್ನು ಮುಂದಿಟ್ಟುಕೊಂಡು ಬಂದ. ಖಾನಾವಳಿಗೆ ರೊಟ್ಟಿ ಬಡಿದುಕೊಟ್ಟು ಅವಳ ಜೀವನ ಸಾಗುತ್ತಿದ್ದ ಕಾಲ. ರೊಟ್ಟಿ ಕೊಳ್ಳಲು ನಾನೂ ಅಲ್ಲಿದ್ದೆ.

"ವೈನಿ, ಟಾಪು ಕೊಡ್ರಿ. ಇನ್ನ ಮುಂದ ಬಾಡಿಗಿ ನಿಮ್ಮ ಕೈಗೇ ಮುಟ್ಟಸ್ತೀನಿ."

"ಯಾವ ಬಾಡಿಗಿ? ನೆಂಟರ ಹತ್ರ ಬಾಡಿಗಿ ತಗೋತಾರೇನೋ?"

ಮಡಿವಾಳಪ್ಪ ಮೆಲ್ಲಗೆ, "ಹೋಗ್ಲಿ ಬಿಡವಾ. ಗೋಡಿಗಿ ತೂಗಹಾಕಿ ಏನು ಉಪಯೋಗ ಅದರದು?" ಎಂದ.

"ಸಂಡಿಗಿ ಒಣಗಸ್ತೀನ್ರಿ ಅದರ ಮ್ಯಾಲೆ."

"ಮಳಿಗಾಲದಾಗ ಎಂಥಾ ಸಂಡಿಗಿ?"

"ಬ್ಯಾಸಗಿ ಬರೂತನ ಕಾಯ್ತೀನಿ."

ಬೇಸಿಗೆ ಬರುವ ಮೊದಲೇ ವ್ಯಾನು ಮಾರಾಟವಾಯಿತು. ಕಿರವತ್ತಿಯ ಒಬ್ಬ ಬಿದಿರು ವ್ಯಾಪಾರಿ ಅದನ್ನು ಕೊಂಡು, ತಗಡು ಪೂರ್ತಿ ಕಿತ್ತೆಸೆದು ಬಿದಿರು ಹೇರಿದ. ಚಂದ್ರಶೇಖರಪ್ಪ ಅದೇ ಸಿದ್ದಾಪುರ ದಾರಿಯ ಒಂದು ಖಾಸಗಿ ಬಸ್ಸಿನಲ್ಲಿ ಸಾಮಾನು ಏರಿಸುವ ಹಮಾಲನಾದ. ಶಾರದವ್ವನಿಗೆ ಇಷ್ಟು ಸಾಕಾಯಿತು ಎಂದು ನಾನು ಹೆಂಡತಿಗೆ ಹೇಳಿದೆ.

ಮುಂದಿನ ವಾರ ಅದೇ ಬಸ್ಸಿಗೆ ಶಾರದವ್ವ ಬಂದಳು. ಹಿಂದೆ ಕೈಗಾಡಿಯಲ್ಲಿ ರುಬ್ಬುವ ಒಂದು ಒಳಕಲ್ಲು, ಅದರ ಗುಂಡು. ಸಿದ್ದಾಪುರದಲ್ಲಿ ತಂಗಿ ಸಿದ್ದವ್ವನ ಮನೆಗೆ ಹೊರಟಿದ್ದಳು. ಟಿಕೇಟು, ಸಾಮಾನಿನ ಬಾಡಿಗೆ ಎಲ್ಲ ಚುಕ್ತಾ ಮಾಡಿ, ಬಸ್ಸಿನ ಹಿಂದಿನ ಏಣಿಯ ಪಕ್ಕ ನಿಂತಳು. ಚಂದ್ರಶೇಖರಪ್ಪ ಕಲ್ಲನ್ನು ನೋಡಿದ, ಅತ್ತಿಗೆಯನ್ನು ನೋಡಿದ, ತಲೆಗೆ ಸಿಂಬಿ ಸುತ್ತಿಕೊಂಡ. ಕಲ್ಲು ತಲೆಯ ಮೇಲೇರಿತು, ಏಣಿ ಕಿರುಗುಟ್ಟಿತು.

"ಸಾವಕಾಶ," ಎಂದಳು ಶಾರದವ್ವ.

ಮಾರನೆಯ ದಿನ ಕಲ್ಲು ಅದೇ ಬಸ್ಸಿನಲ್ಲಿ ಶಿರಸಿಗೆ ವಾಪಸು ಬಂತು. ಮತ್ತೆ ಮುಂದಿನ ವಾರ ಹೋಯಿತು. ರೊಟ್ಟಿಯ ದುಡ್ಡೆಲ್ಲ ಕಲ್ಲಿನ ಪ್ರಯಾಣಕ್ಕೇ ಆಗುತ್ತಿದ್ದಿರಬೇಕು. ಒಮ್ಮೆ ತಡೆಯಲಾರದೆ ಕೇಳಿದೆ: "ಅಮ್ಮ, ಕಲ್ಲು ಯಾಕೆ?"

"ತಂಗಿ ಮನ್ಯಾಗ ಕಲ್ಲಿಲ್ರಿ, ಮಾಸ್ತರ."

"ಅಲ್ಲೇ ಬಿಟ್ಟು ಬರಬಹುದಲ್ಲ?"

"ನನಗ ಬ್ಯಾಡೇನ್ರಿ ಮತ್ತ?"

ನಾನು ಬಸ್ಸು ಹತ್ತಿ ಒಳಗೆ ಹೋಗಿ ಕೂತೆ.

ಒಂದು ಸಲ ಚಂದ್ರಶೇಖರಪ್ಪ ಕಲ್ಲನ್ನು ಬಸ್ಸಿನ ಮೇಲಿಟ್ಟು ಕೆಳಗಿಳಿದು, ಏಣಿ ಹಿಡಿದು ಏದುಸಿರು ಬಿಡುತ್ತ, "ವೈನಿ, ಇನ್ನ ಸಾಕ ಮಾಡ್ರಿ," ಎಂದ. ಅವಳು ಕೈಗಾಡಿಯ ಕಡೆ ತೋರಿಸಿದಳು.

"ಗುಂಡು ಉಳದೈತಿ."

ಹೀಗೆ ಎರಡು ಮಳೆಗಾಲ ಕಳೆದವು. ಆಮೇಲೆ ಒಂದು ಬೆಳಿಗ್ಗೆ ಬಸ್ಸಿನ ಏಣಿಯ ಬಳಿ ಸೋಮ ಎಂಬ ಹೊಸ ಹಮಾಲ ನಿಂತಿದ್ದ. ಗಟ್ಟಿ ಆಳು. ಒಳಕಲ್ಲನ್ನು ಕುಂಬಳಕಾಯಿಯಂತೆ ಎತ್ತಿಕೊಂಡ. ಶಾರದವ್ವ ಅವನ ರಟ್ಟೆ ಹಿಡಿದು ನಿಲ್ಲಿಸಿದಳು.

"ಚಂದ್ರಶೇಖರಪ್ಪ ಎಲ್ಲಿ?"

"ಸೊಂಟ ಹಿಡಕಂಡದೆ ಅಮ್ಮ. ಎಂಟು ದಿನ ಏಳೂಕಾಗೂದಿಲ್ಲ ಅಂದ್ರು."

"ಕಲ್ಲು ಕೆಳಗಿಡು."

ಕಲ್ಲು ಮತ್ತೆ ಕೈಗಾಡಿಗೆ ಬಂತು. ಆಗಲೇ ಟಿಕೇಟು ಹರಿದಿದ್ದ ಕಂಡಕ್ಟರು, "ಬರೂದಿಲ್ವಾ ಅಮ್ಮ? ಬಸ್ಸು ಬಿಡ್ತದೆ," ಎಂದ.

"ನೀ ಹೋಗಪ್ಪ," ಎಂದಳು ಶಾರದವ್ವ, ಕೈಗಾಡಿಯನ್ನು ಮನೆಯ ಕಡೆ ತಿರುಗಿಸುತ್ತ. "ಅವ ಎದ್ದ ಮ್ಯಾಲೆ ಬರ್ತೀನಿ. ನನಗೇನು ಅವಸರ ಇಲ್ಲ."