ಬಾಲದ ಸಾಹೇಬ ತಂದ ಸುದ್ದಿ

ದೆವ್ವ, ಶಕುನ, ಸೂಚನೆ ಯಾವುದನ್ನೂ ನಾನು ನಂಬಿದವನಲ್ಲ. ನೆನಪನ್ನೂ ಅಷ್ಟಾಗಿ ನಂಬುವುದಿಲ್ಲ. ಹೇಳಿದ ಪ್ರತಿ ಸಲವೂ ಅದು ಹೊಸ ಬಣ್ಣ ಬಳಿದುಕೊಂಡು ಬರುತ್ತದೆ. ಓದುಗರು ಇದನ್ನು ಅನುಮಾನದಿಂದಲೇ ಓದಲಿ, ನನಗೆ ಬೇಸರವಿಲ್ಲ.

ಮಹಾಯುದ್ಧದ ಕೊನೆಯ ವರ್ಷಗಳಲ್ಲಿ ಕಲಬುರಗಿ ಹತ್ತಿರದ ಕಮಲಾಪುರದ ನಮ್ಮ ಕಾಕಾ ಬಂಗಾಳದಲ್ಲಿ ಅಮೆರಿಕದವರ ವಿಮಾನ ನೆಲೆಯೊಂದರಲ್ಲಿ ಅಡುಗೆ ಮಾಡುತ್ತಿದ್ದ. ಅಲ್ಲಿಂದ ಬರ್ಮಾದ ಮೇಲೆ ಬಾಂಬು ಹಾಕಲು ಹೋಗುವ ಒಂದೊಂದು ವಿಮಾನದಲ್ಲೂ ಹತ್ತು ಜನ. ಒಬ್ಬ ಬಾಲದ ತುದಿಯಲ್ಲಿ ಹಿಂದಕ್ಕೆ ಮುಖ ಮಾಡಿ ಬಂದೂಕು ಹಿಡಿದು ಕೂಡುತ್ತಿದ್ದ. ಅವನ ಹೆಸರು ಕಾಕಾನ ನಾಲಿಗೆಗೆ ಹೊರಳಲಿಲ್ಲ. ಬಾಲದ ಸಾಹೇಬ ಅನ್ನುತ್ತಿದ್ದ. "ಉಳಿದವ್ರು ಎಲ್ಲಿಗಿ ಹೊಂಟೀವಿ ಅಂತ ನೋಡ್ತಾರ, ಇವ ಎಲ್ಲಿಂದ ಬಂದೀವಿ ಅಂತ ನೋಡ್ತಾನ. ನಮ್ಮಂಗ!" ಎಂದು ನಗುತ್ತಿದ್ದ.

ವಿಮಾನ ಇಳಿದ ಮೇಲೆ ಆ ಸಾಹೇಬ ಅಡುಗೆಮನೆಯ ಹಿಂಬಾಗಿಲನ್ನು ಎರಡು ಸಲ ಬಡಿದು, "ದಸ್ ಗಯಾ, ದಸ್ ಆಯಾ" ಅನ್ನುತ್ತಿದ್ದನಂತೆ. ಹೋದ ಹತ್ತೂ ಜನ ಬಂದರು ಎಂದು. ಅದನ್ನು ಕೇಳಿದ ಮೇಲೆಯೇ ಕಾಕಾ ತತ್ತಿ ಒಡೆಯುತ್ತಿದ್ದದ್ದು. ಒಂದು ದಿನ ವಿಮಾನದ ಸದ್ದಿಗೇ ಅವಸರಪಟ್ಟು ಹತ್ತು ತತ್ತಿ ಒಡೆದುಬಿಟ್ಟ. ಇಳಿದದ್ದು ಬೇರೆ ವಿಮಾನ. ಆ ಹತ್ತು ಜನ ಬರಲೇ ಇಲ್ಲ. ತಪ್ಪು ತನ್ನದೇ ಎಂದು ಕಾಕಾ ನಂಬಿಬಿಟ್ಟಿದ್ದ.

ನಿಜಾಮನ ರಾಜ್ಯಕ್ಕೆ ಭಾರತದ ಸೇನೆ ನುಗ್ಗಿದ ಪೊಲೀಸ್ ಆ್ಯಕ್ಷನ್ ದಿನಗಳಲ್ಲಿ ನನಗೆ ಇಪ್ಪತ್ತರ ಆಸುಪಾಸು. ರಜಾಕಾರರ ಗದ್ದಲದಲ್ಲಿ ಕಲಬುರಗಿಯ ಓದು ನಿಂತು ಕಾಕಾನ ಮನೆ ಸೇರಿದ್ದೆ. ಅವನ ಒಬ್ಬಳೇ ಮಗಳು ಶರಣಮ್ಮ ಚೊಚ್ಚಲ ಹೆರಿಗೆಗೆ ಬಂದಿದ್ದಳು. ನೋವು ಎರಡು ದಿನ ಎಳೆಯಿತು. ಸೂಲಗಿತ್ತಿ ಕೈಚೆಲ್ಲಿದಾಗ ಗಂಡ ಅವಳನ್ನು ಬಂಡಿಯಲ್ಲಿ ಮಲಗಿಸಿಕೊಂಡು ಕಲಬುರಗಿಯ ದವಾಖಾನೆಗೆ ಹೊರಟ. ಮರುದಿನವೇ ತಲೆಯ ಮೇಲೆ ವಿಮಾನಗಳು ಹಾರಿದವು, ದಾರಿ ಬಂದಾಯಿತು. ದಿನಗಳು ಕಳೆದರೂ ಸುದ್ದಿಯಿಲ್ಲ.

ಬಾಣಂತಿಗೆ ಅಂಟಿನುಂಡಿ ಕಟ್ಟಲು ಕಾಕಿ ಬೆಲ್ಲ ಕುಟ್ಟತೊಡಗಿದಾಗ ಕಾಕಾ ಒಲೆಗೆ ನೀರು ಸುರಿದ.

"ಅಕಿ ಬಂದ ಸುದ್ದಿ ಬರೂತನಕ ಏನೂ ಮಾಡಬ್ಯಾಡ."

"ಯಾವೊ ಕೆಂಪು ಮಾರಿಯವ್ರು ಸತ್ತ್ರ ನನ್ನ ಮಗಳು ಯಾಕ ಉಪಾಸ ಇರಬೇಕ್ರೀ?" ಎಂದಳು ಕಾಕಿ.

ಒಂದು ಮಧ್ಯಾಹ್ನ ಕಾಕಾ ದಾರಿ ನೋಡಲು ಊರ ಹೊರಗೆ ಹೋಗಿದ್ದ. ಕಾಕಿ ಅತ್ತು ಅತ್ತು ಮಲಗಿದ್ದಳು. ಅಡುಗೆಮನೆಯಲ್ಲಿ ನಾನೊಬ್ಬನೇ. ವಿಮಾನವೊಂದು ಹಾದುಹೋಯಿತು. ಅದರ ಸದ್ದು ಕರಗಿದ ಮೇಲೆ ಹಿಂಬಾಗಿಲ ತಗಡನ್ನು ಯಾರೋ ಎರಡು ಸಲ ಬಡಿದರು.

"ದೋ ಗಯಾ, ತೀನ್ ಆಯಾ."

ಆ ದಿನಗಳಲ್ಲಿ ಗುರುತಿಲ್ಲದ ದನಿಗೆ ಯಾರೂ ಬಾಗಿಲು ತೆಗೆಯುತ್ತಿರಲಿಲ್ಲ. ನಾನೂ ಉಸಿರು ಬಿಗಿಹಿಡಿದು ಗೋಡೆಗೆ ಅಂಟಿ ನಿಂತೆ. ಹೆಜ್ಜೆ ಸದ್ದೂ ಕೇಳಲಿಲ್ಲ.

ಕಾಕಾ ಬಂದಾಗ ಹೇಳಿದೆ. "ದನಿ ಹ್ಯಾಂಗಿತ್ತೋ?" ಎಂದ. ನೆಗಡಿಯಾದವರ ಹಾಗೆ, ಅಂದೆ. "ಅವಗ ಬಾರಾ ತಿಂಗಳೂ ನೆಗಡಿನೇ" ಎಂದವನೇ ಒಲೆ ಹೊತ್ತಿಸಿ ಉಂಡಿಗೆ ಬೆಲ್ಲ ಕಾಸತೊಡಗಿದ. ಸಾಹೇಬನ ನೆಗಡಿಯ ಸಂಗತಿ ನನಗೆ ಮೊದಲು ಯಾರೂ ಹೇಳಿರಲಿಲ್ಲ. ಹೇಳಿದ್ದರೋ ಏನೋ, ಮರೆತಿರಬಹುದು.

ದೀಪ ಹಚ್ಚುವ ಹೊತ್ತಿಗೆ ಬಂಡಿ ಬಂತು. ಶರಣಮ್ಮ, ಅವಳ ಗಂಡ, ಹಳೆಯ ಧೋತರದಲ್ಲಿ ಸುತ್ತಿದ ಒಂದು ಹೆಣ್ಣು ಕೂಸು.

ಶರಣಮ್ಮನನ್ನು ಕೇಳಿದರೆ ಬಂಡಿ ಬಂದದ್ದು ಮುಂಜಾನೆ ಅನ್ನುತ್ತಾಳೆ. ಬಂಡಿ ಬಂದ ಮೇಲೆಯೇ ನಾನು ಬಾಗಿಲ ಕಥೆ ಹೇಳಿದೆನೆಂದು ಕಾಕಿ ಕೊನೆಯವರೆಗೂ ವಾದಿಸಿದಳು. ಇಬ್ಬರ ಮಾತನ್ನೂ ನಾನು ಅಲ್ಲಗಳೆಯಲಾರೆ. ಆದರೆ ಬಂಡಿಯಿಂದ ಇಳಿದೊಡನೆ ಕೈಗೆ ಬಂದ ಉಂಡಿ ಬೆರಳು ಸುಡುವಷ್ಟು ಬಿಸಿಯಿತ್ತೆಂದು ಶರಣಮ್ಮನೇ ಹೇಳುತ್ತಾಳೆ. ಹಾಗಾದರೆ ಒಲೆ ಹೊತ್ತಿಸಲು ಕಾಕಾನಿಗೆ ಹೇಳಿದವರು ಯಾರು? ನನಗೆ ಇಂದಿಗೂ ತಿಳಿದಿಲ್ಲ.

ಕಾಕಾನಿಗೆ ಆ ಪ್ರಶ್ನೆಯೇ ಇರಲಿಲ್ಲ. ಮೊಮ್ಮಗಳನ್ನು ತೊಡೆಯ ಮೇಲೆ ಆಡಿಸುತ್ತ ಎಷ್ಟೋ ಸಲ ನನ್ನನ್ನು ಬೈದ, ಸಾಯುವವರೆಗೂ ಬೈದ:

"ಅಷ್ಟು ದೂರದಿಂದ ಬಂದಿದ್ದ. ಬಾಗಿಲಾ ತಗದು ಒಂದು ರೊಟ್ಟಿನರ ಕೊಡಬಾರ್ದಿತ್ತೇನೋ? ಹಸಗೊಂಡ ಹ್ವಾದ."